ಬೇವಿನ ಬುಡದ ತಾಡಪತ್ರಿ ಕಲ್ಲು

ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಕಥೆ ಒಂದೇ. ಲೇಔಟಿನವರು ಬೇವಿನ ಮರ ಉರುಳಿಸಲು ಜೆಸಿಬಿ ತಂದರು. ಮರದ ಎದುರಿಗೆ ಬರುತ್ತಿದ್ದಂತೆ ಇಂಜಿನ್ ತಾನಾಗಿಯೇ ನಿಂತುಹೋಯಿತು. ಡ್ರೈವರ್ ಎಷ್ಟು ಸಲ ಕೀಲಿ ತಿರುವಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವನು ಇಳಿದು ಬಂದು, ಬುಡದಲ್ಲಿದ್ದ ದುರುಗವ್ವನಿಗೆ ಕೈಮುಗಿದು, ತಪ್ಪಾಯಿತು ತಾಯಿ ಅಂದ ಮೇಲೆ ಗಾಡಿ ಶುರುವಾಯಿತು, ಅದೂ ರಿವರ್ಸ್ ಗೇರಿನಲ್ಲಿ. ನಮ್ಮ ಹೊಸಪೇಟೆಯ ಚಿತ್ತವಾಡ್ಗಿಯ ಆಟೊದವರು ಈ ಕಥೆಯನ್ನು ಪ್ರಯಾಣಿಕರಿಗೆ ಪುಕ್ಕಟೆ ಹೇಳುತ್ತಾರೆ. ರಿವರ್ಸ್ ಗೇರಿನ ವಿವರ ಸೇರಿಸಿದ್ದು ಅವರೇ ಇರಬೇಕು.

ನಾನು ಆ ದಿನ ಅಲ್ಲೇ ಇದ್ದೆ, ಮಿರ್ಚಿ ಬಂಡಿಯ ಪಕ್ಕದಲ್ಲಿ. ಇಂಜಿನ್ ತಾನಾಗಿ ನಿಲ್ಲಲಿಲ್ಲ. ಡ್ರೈವರೇ ನಿಲ್ಲಿಸಿದ, ಮಿರ್ಚಿ ತಿನ್ನುವುದಕ್ಕೆ. ಇದನ್ನು ಹೇಳಿದರೆ, "ಅದ ನೋಡು, ಆ ಟೈಮಿಗೇ ಅವಂಗ ಹಸಿವು ಯಾಕಾತು? ಅವ್ವನ ಆಟ!" ಎನ್ನುತ್ತಾರೆ. ಸರಿ, ಒಪ್ಪೋಣ. ಹಾಗಾದರೆ ಅದೇ ವರ್ಷ ರಸ್ತೆಯ ಆಚೆ ಬದಿಯ ಬೇವಿನ ಸಾಲನ್ನು ಕಡಿದಾಗ ಯಾರಿಗೂ ಹಸಿವಾಗಲಿಲ್ಲವೇಕೆ? ಅದಕ್ಕೂ ಉತ್ತರ ಇರುತ್ತದೆ: ಅಲ್ಲಿ ಅವ್ವ ಇರಲಿಲ್ಲ. ಇಲ್ಲಿಗೆ ನಾನು ನನ್ನ ಕೊನೆಯ ಮಾತು ಹೇಳುತ್ತೇನೆ, ಆಮೇಲೆ ಓಣಿ ನನ್ನ ಜೊತೆ ಮಾತು ಬಿಡುತ್ತದೆ. ಜೆಸಿಬಿ ಬಂದ ದಿನ ಇಲ್ಲೂ ಅವ್ವ ಇರಲಿಲ್ಲ. ಹಿಂದಿನ ಮಂಗಳವಾರವೇ ಅವಳನ್ನು ನಾವೆಲ್ಲ ಸೇರಿ ಹೋಳಿಗೆ ಕೊಟ್ಟು ಕಳಿಸಿ ಬಂದಿದ್ದೆವು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮ ಹುಡುಗಿಯರ ತಂಡವನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಶಿಸ್ತು ಕಲಿಸಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದರೆ ಮಾತ್ರ ಅದನ್ನು ಮುರಿಯುವ ಹಕ್ಕು ನಿನಗಿದೆ ಎಂದು. ಓಣಿಯ ಕಥೆಯನ್ನು ನಾನು ಓಣಿಯವರಿಗಿಂತ ಚೆನ್ನಾಗಿಯೇ ಹೇಳಿದ್ದೇನೆ ಅಂದುಕೊಂಡಿದ್ದೇನೆ. ಈಗ ನಡೆದದ್ದನ್ನು ಹೇಳುತ್ತೇನೆ.

ಆ ಮರದ ಕೆಳಗೆ ಕೂತು ನಮ್ಮ ಸೋದರತ್ತೆ ತಾಡಪತ್ರಿ ಹೊಲಿಯುತ್ತಿದ್ದಳು. ಮೊದಲು ಕಂಪ್ಲಿಯಲ್ಲಿದ್ದಳು. ಅಲ್ಲಿನ ರೈಸ್ ಮಿಲ್ಲಿನಲ್ಲಿ ಭತ್ತದ ರಾಶಿಗೆ ಹೊದಿಸುವ ತಾಡಪತ್ರಿಗಳಿಗೆ ತೇಪೆ ಹಾಕುವ ಕೆಲಸ ಹಿಡಿದವಳು ದಬ್ಬಣ ಓಡಿಸುವುದರಲ್ಲಿ ಗಂಡಸರನ್ನು ಮೀರಿಸಿದಳು. ಸಂಡೂರು ಕಡೆಯಿಂದ ಅದಿರಿನ ಲಾರಿಗಳು ಹೊಸಪೇಟೆಯ ರಸ್ತೆಗೆ ಬಾಲಕ್ಕೆ ಮೂತಿ ತಾಗಿಸಿಕೊಂಡು ಬರಲು ಶುರುವಾದಾಗ ಅತ್ತೆ ಲೆಕ್ಕ ಹಾಕಿದಳು. ಅದಿರು ಹೊತ್ತ ಲಾರಿಗೆ ತಾಡಪತ್ರಿ ಹೊದಿಸಬೇಕು, ಇಲ್ಲದಿದ್ದರೆ ಚೆಕ್‌ಪೋಸ್ಟಿನಲ್ಲಿ ದಂಡ. ಗಾಳಿಗೆ ತಾಡಪತ್ರಿ ಹರಿಯುತ್ತದೆ, ಹರಿದದ್ದನ್ನು ಯಾರೋ ಹೊಲಿಯಬೇಕು. ದಬ್ಬಣದ ಡಬ್ಬಿ ಸೀರೆಯಲ್ಲಿ ಸುತ್ತಿಕೊಂಡು ಹೊಸಪೇಟೆ ಬಸ್ಸು ಹತ್ತಿ ಬಂದು, ನಮ್ಮ ಮನೆಯ ಪಕ್ಕದಲ್ಲೇ ಬಾಡಿಗೆ ಹಿಡಿದಳು.

ತಾಡಪತ್ರಿ ಹೊಲಿಯುವವರಿಗೆ ಅಂಗಡಿ ಸಾಲದು. ಲಾರಿಯಷ್ಟು ಉದ್ದದ ಬಟ್ಟೆಯನ್ನು ಪೂರ್ತಿ ಹರಡಬೇಕು, ಅದರ ನಡುವೆ ಕೂರಬೇಕು. ಮೇಣದ ಬಟ್ಟೆ ಬಿಸಿಲಿಗೆ ಕಾದರೆ ಕೈ ಇಡಲು ಆಗುವುದಿಲ್ಲ. ಮಳೆಗೆ ನೆಂದರೆ ದಬ್ಬಣ ಇಳಿಯುವುದಿಲ್ಲ. ಅಂದರೆ ಬೇಕಾದದ್ದು ದೊಡ್ಡ ನೆರಳು. ನಮ್ಮ ಊರಿನಲ್ಲಿ ಅಂಥ ನೆರಳನ್ನು ಬಾಡಿಗೆಗೆ ಕೊಡುವವರು ಯಾರೂ ಇಲ್ಲ. ಓಣಿಯ ತುದಿಯ ಬಯಲಿನಲ್ಲಿ, ರಸ್ತೆಯ ಮಗ್ಗುಲಿಗೆ ಈ ಬೇವು ಇತ್ತು. ಅದರ ಕೆಳಗೆ ಅತ್ತೆ ತಾಡಪತ್ರಿ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ, ಕಾಲು ಚಾಚಿ ಕೂತಳೆಂದರೆ ಸಂಜೆಯ ತನಕ ಏಳುತ್ತಿರಲಿಲ್ಲ. ಬಟ್ಟೆಗೆ ಅಂಟಿದ ಅದಿರಿನ ಕೆಂಪು ಅವಳ ಉಗುರಿಗೆ, ಸೀರೆಯ ಅಂಚಿಗೆ ಹತ್ತಿ, ಒಗೆದರೂ ಹೋಗದ ಬಣ್ಣವಾಗಿತ್ತು.

ಪರಿಸರದ ಬಗ್ಗೆ ಭಾಷಣ ಮಾಡುವವರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ನಮ್ಮ ಅತ್ತೆಗೆ ಮರವೂ ಬೇಕಿತ್ತು, ಲಾರಿಯೂ ಬೇಕಿತ್ತು. ಮರ ಉಳಿಯಲಿ, ಲಾರಿ ನಿಲ್ಲಲಿ ಎಂಬ ಘೋಷಣೆ ಕೂಗಿದ್ದರೆ ಮೊದಲು ಕಲ್ಲೆಸೆಯುತ್ತಿದ್ದವಳು ಅವಳೇ.

ಅವಳ ಗಿರಾಕಿಗಳಲ್ಲಿ ಒಬ್ಬ ಲಾರಿ ಮಾಲೀಕನಿದ್ದ. ಒಂದೇ ಲಾರಿ ಇದ್ದಾಗಿನಿಂದ ಬರುತ್ತಿದ್ದ. ತಾಡಪತ್ರಿಯ ಮೂಲೆಯ ಕಲ್ಲಿನ ಮೇಲೆ ಕೂತು ಚಹಾ ಕುಡಿದು, ಅತ್ತೆಯನ್ನು ಅಕ್ಕಾ ಎನ್ನುತ್ತ, ಹೊಲಿಗೆ ಮುಗಿಯುವ ತನಕ ಸಂಡೂರಿನ ಸುದ್ದಿ ಹೇಳುತ್ತಿದ್ದ. ಲಾರಿಗಳು ಹೆಚ್ಚಿದವು, ಅವನ ಕೊರಳ ಸರ ದಪ್ಪವಾಯಿತು, ಆಮೇಲೆ ಅವನು ಬರುವುದು ಬಿಟ್ಟು ಕ್ಲೀನರನ್ನು ಕಳಿಸತೊಡಗಿದ. ಮತ್ತೆ ಅವನು ಖುದ್ದಾಗಿ ಬಂದದ್ದು ನಮ್ಮ ಬಯಲನ್ನು ಕೊಂಡ ಮೇಲೆ. ಬಯಲಿನ ತುಂಬ ಸುಣ್ಣದ ಗೆರೆ ಬಿದ್ದವು, ಗೂಟ ನೆಟ್ಟರು. ಒಂದು ಗೂಟ ಬೇವಿನ ಬುಡದ ಪಕ್ಕದಲ್ಲೇ ಬಿತ್ತು.

"ಅಕ್ಕಾ, ಇನ್ನ ನಿಮ್ಮ ಅಂಗಡಿ ಎತ್ತಬೇಕಾಕ್ಕೈತಿ ನೋಡ್ರಿ," ಅಂದ, ನಗುನಗುತ್ತಲೇ.

"ಮರ ಏನ್ ಮಾಡ್ತೀರಿ ಸಾವಕಾರ್ರ?"

"ಮರದ್ದೇನೈತಿ, ಅದು ಸರಕಾರದ ಕೈಯಾಗೈತಿ."

ಸರಕಾರದ ಕೈಯಲ್ಲಿದೆ ಎಂಬ ಮಾತಿಗೆ ಓಣಿ ಒಂದೇ ಅರ್ಥ ಮಾಡಿಕೊಂಡಿತು: ಕಡಿಯುತ್ತಾರೆ. ರಸ್ತೆಯ ಆಚೆಯ ಸಾಲು ಹಾಗೇ ಹೋಗಿತ್ತಲ್ಲ. ರಸ್ತೆ ಅಗಲ ಮಾಡಲು ಬೇಕು ಎಂದು ಕ್ರಮಬದ್ಧವಾಗಿ ಅರ್ಜಿ ಕೊಟ್ಟು, ಕ್ರಮಬದ್ಧವಾಗಿ ಅನುಮತಿ ಪಡೆದು, ಕ್ರಮಬದ್ಧವಾಗಿ ಕಡಿದಿದ್ದರು. ನಾನು ಮಾತ್ರ, ಪ್ರಾಧಿಕಾರದ ಕಚೇರಿಗೆ ಹೋಗಿ ಪ್ಲಾನ್ ನೋಡೋಣ ಅಂದೆ. ಲೇಔಟ್ ಮಾಡುವವರಿಗೆ ಮಂಜೂರಾತಿ ಕೊಡುವ ಯೋಜನಾ ಪ್ರಾಧಿಕಾರ ಅಂತ ಒಂದಿದೆ, ಸ್ವಂತ ಹಿತ್ತಲಿನ ಮರ ಕಡಿಯಲೂ ಮರದ ಅಧಿಕಾರಿಯ ಅಪ್ಪಣೆ ಬೇಕೆನ್ನುವ ಕಾಯ್ದೆ ಇದೆ ಎಂದು ವಿವರಿಸಿದೆ.

"ಆಚಿ ಕಡಿ ಗಿಡಕ್ಕ ಆ ಕಾಯ್ದೆ ಇದ್ದಿಲ್ಲೇನಲೇ?" ಅತ್ತೆ ಕೇಳಿದಳು.

"ಇತ್ತು. ಅಪ್ಪಣಿ ತಗೊಂಡ ಕಡದ್ರು."

"ಮತ್ತ? ಕಾಯ್ದೆ ಇದ್ರೂ ಕಡೀತಾರ, ಇಲ್ದಿದ್ರೂ ಕಡೀತಾರ. ನಿನ್ ಕಾಯ್ದೆ ತಗೊಂಡ ಒಲಿಗೆ ಹಾಕು."

ಮಾರನೆಯ ಬೆಳಗ್ಗೆ ನೋಡಿದರೆ ತಾಡಪತ್ರಿಯ ನಾಲ್ಕು ಕಲ್ಲುಗಳಲ್ಲಿ ಒಂದು, ದುಂಡಗಿನ ಕರಿಕಲ್ಲು, ಬೇವಿನ ಬುಡಕ್ಕೆ ಒರಗಿ ಕೂತಿತ್ತು. ಮೈತುಂಬ ಅರಿಶಿನ, ನಡುವೆ ಕುಂಕುಮ, ಮುಂದೆ ಹಸಿರು ಬಳೆ, ಒಂದು ರವಿಕೆಯ ಖಣ. ಪಕ್ಕದಲ್ಲಿ ಅತ್ತೆ ಏನೂ ಗೊತ್ತಿಲ್ಲದವಳಂತೆ ದಬ್ಬಣಕ್ಕೆ ಹುರಿ ಪೋಣಿಸುತ್ತಿದ್ದಳು.

"ಅತ್ತಿ, ಇದು ಮೂಲ್ಯಾಗಿನ ಕಲ್ಲಲ್ಲೇನು?"

"ಮೆಲ್ಲಕ ಮಾತಾಡು. ಇವತ್ತಿನಿಂದ ಇದು ದುರುಗವ್ವ."

"ನಾಕನೇ ಮೂಲಿಗೆ ಏನಿಟ್ಟಿ?"

"ನಿನ್ನನ್ನ ಕುಂದ್ರಸ್ತೀನಿ, ಬಾ. ಬಾಯಿ ಭಾಳ ಭಾರ ಐತಿ ನಿಂದು."

ಹಂಪಿಗೆ ಇಷ್ಟು ಹತ್ತಿರ ಇರುವ ನಮ್ಮೂರಿನಲ್ಲಿ ಒಂದು ಕಲ್ಲು ದೇವರಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ವಾರ ತುಂಬುವುದರೊಳಗೆ ಊದುಬತ್ತಿ, ತೆಂಗಿನಕಾಯಿ ಬಂದವು. ಎದುರು ಮನೆಯ ಅಕ್ಕನ ಗಂಡನ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ಹಿಡಿದು ಹಾಕಿದ್ದರು. ಅವಳು ಹರಕೆ ಹೊತ್ತಳು, ಲಾರಿ ಬಿಡುಗಡೆಯಾಯಿತು. ದಂಡ ಕಟ್ಟಿದ್ದಕ್ಕೆ ಬಿಟ್ಟರು ಎಂದರೆ, ದಂಡ ಕಟ್ಟಿದರೂ ಬಿಡದವರು ಎಷ್ಟು ಮಂದಿ ಇಲ್ಲ ಎಂದು ನನ್ನನ್ನೇ ಕೇಳಿದಳು. ಓಣಿಯ ಗಂಡಸರು ಉತ್ಸಾಹದಿಂದ ಮರದ ಸುತ್ತ ಕಲ್ಲಿನ ಕಟ್ಟೆ ಕಟ್ಟಿ, ಸಿಮೆಂಟ್ ಬಳಿದು, ಮೇಲೊಂದು ತಗಡಿನ ಚಪ್ಪರವನ್ನೂ ಹಾಕಿದರು. ಸಿಮೆಂಟ್ ಬಂದದ್ದು ಲೇಔಟಿನ ಚರಂಡಿ ಕೆಲಸದ ಮೇಸ್ತ್ರಿಯಿಂದ. ಅವನೂ ಭಕ್ತ.

ಇಲ್ಲಿಯವರೆಗೆ ಅತ್ತೆಯ ಲೆಕ್ಕ ತಪ್ಪಿರಲಿಲ್ಲ. ನಮ್ಮ ಕಡೆ ತಲೆತಲಾಂತರದಿಂದ ಮರ ಉಳಿದಿರುವುದೇ ಹೀಗೆ. ಬುಡಕ್ಕೆ ಒಂದು ಕಲ್ಲು, ಕಲ್ಲಿಗೆ ಒಂದಿಷ್ಟು ಕುಂಕುಮ, ಕೊಡಲಿ ಹಿಡಿದವನು ತಾನೇ ಕೈಮುಗಿದು ಹಿಂದಿರುಗುತ್ತಾನೆ. ಆದರೆ ಲಾರಿ ಮಾಲೀಕ ಕೊಡಲಿ ಹಿಡಿದು ಬರುವವನಲ್ಲ. ಅವನು ಅರ್ಜಿ ಹಿಡಿದು ಹೋದ.

ನೋಟಿಸು ಕಟ್ಟೆಗೇ ಅಂಟಿಸಿದರು. ಮಂಜೂರಾದ ವಿನ್ಯಾಸದ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಗುಡಿ ಕಟ್ಟಲಾಗಿದೆ, ಸಂಬಂಧಪಟ್ಟವರು ಗಡುವಿನೊಳಗೆ ತೆರವು ಮಾಡತಕ್ಕದ್ದು, ಇಲ್ಲವಾದರೆ ಯಂತ್ರದಿಂದ ತೆರವು ಮಾಡಲಾಗುವುದು. ಸಾರ್ವಜನಿಕ ಜಾಗಗಳಲ್ಲಿ ಹೊಸ ಗುಡಿ, ಮಸೀದಿ, ಚರ್ಚು ಏಳಬಾರದೆಂದು ಆಗಷ್ಟೇ ಕೋರ್ಟಿನ ಆದೇಶ ಬಂದಿದ್ದ ಕಾಲ. ಆಕ್ಷೇಪಣೆ ಇದ್ದವರು ಕಚೇರಿಗೆ ಬಂದು ಹೇಳಬಹುದು ಎಂದೂ ಇತ್ತು.

ಅತ್ತೆ, ಎದುರು ಮನೆಯ ಅಕ್ಕ, ನಾನು ಹೋದೆವು. ಲಾರಿ ಮಾಲೀಕ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದ. ಪ್ರಾಧಿಕಾರದ ಅಧಿಕಾರಿ ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ, ನಮ್ಮ ಮಾತು ಅರ್ಥವಾಗದಿದ್ದಾಗ ಎರಡನೇ ಸಲ ಕೇಳುವ ಸೌಜನ್ಯ ಇತ್ತು. ನಾನು ಸ್ಪರ್ಧೆಯ ವೇದಿಕೆಯಲ್ಲಿ ನಿಂತ ಹಾಗೆ ನಿಂತು, ಈ ಮರವನ್ನು ಕಡಿಯಲು ಇವರಿಗೆ ಅನುಮತಿ ಕೊಡಬಾರದು ಎಂದು ಶುರು ಮಾಡಿದೆ.

ಅವರು ಕೈ ಎತ್ತಿ ನಿಲ್ಲಿಸಿದರು. "ಮರ ಕಡಿಯೋಕೆ ಯಾರಮ್ಮಾ ಕೇಳಿದ್ದಾರೆ?"

ಎದ್ದು ಗೋಡೆಯ ಮೇಲಿನ ನಕ್ಷೆಯ ಹತ್ತಿರ ಕರೆದರು. ರಸ್ತೆಗಳು, ಸೈಟುಗಳು, ಮೂಲೆಯಲ್ಲೊಂದು ಹಸಿರು ಚೌಕ. ಚೌಕದೊಳಗೆ ಒಂದು ಸಣ್ಣ ಸುತ್ತು. "ಇದೇ ನಿಮ್ಮ ಬೇವು. ಇರೋ ಮರ ಉಳಿಸ್ಕೋಬೇಕು ಅಂತ ಷರತ್ತು ಹಾಕೇ ಮಂಜೂರಾತಿ ಕೊಟ್ಟಿರೋದು. ಅದಕ್ಕೇ ಪಾರ್ಕಿನ ಜಾಗವನ್ನ ಆ ಮೂಲೆಗೆ ತಂದಿದ್ದೀವಿ. ಗೂಟ ಹೊಡೆದಿರೋದು ಪಾರ್ಕಿನ ಗಡಿಗೆ."

ಅತ್ತೆ ನಕ್ಷೆಯ ಸುತ್ತನ್ನೇ ನೋಡುತ್ತ ನಿಂತಳು. ಆ ಸುತ್ತು ಎಷ್ಟು ಚಿಕ್ಕದಿತ್ತೆಂದರೆ ಅವಳ ದಬ್ಬಣದ ಕಣ್ಣಿನಷ್ಟು. ಅಂದರೆ ಕಲ್ಲಿಗೆ ಅರಿಶಿನ ಬಳಿಯುವ ಮೊದಲೇ ಮರ ಉಳಿದಿತ್ತು. ಈಗ ಅಪಾಯ ಬಂದಿದ್ದು ಅರಿಶಿನ ಬಳಿದಿದ್ದಕ್ಕೆ.

"ಗುಡಿ ತೆರವು ಮಾಡುವಾಗ ಮರದ ಬೇರು ಹೋದ್ರ?" ನಾನು ಕೇಳಿದೆ. "ಕಟ್ಟಿ ಬೇರಿನ ಮ್ಯಾಲೇ ಕುಂತೈತಿ ಸರ್. ಜೆಸಿಬಿ ಹಲ್ಲು ಹಾಕಿದ್ರ ಮರ ನಿಂದ್ರಂಗಿಲ್ಲ. ಮರ ಉಳಸ್ಬೇಕು ಅಂತ ನೀವೇ ಷರತ್ತು ಹಾಕೀರಿ."

"ಗುಡಿ ತೆಗೀಬೇಕು ಅನ್ನೋದೂ ಆದೇಶವೇ ಅಲ್ವಾ. ಎರಡೂ ಪಾಲಿಸಬೇಕು. ಆಪರೇಟರಿಗೆ ಹುಷಾರಾಗಿ ಮಾಡು ಅಂತ ಹೇಳ್ತೀವಿ."

ಲಾರಿ ಮಾಲೀಕ ಬೂಟಿನ ತುದಿ ನೋಡಿಕೊಂಡ. ಮರ ಬಿದ್ದರೆ ಪಾರ್ಕನ್ನು ಹಿಂದಿನ ಮೂಲೆಗೆ ಸರಿಸಿ, ರಸ್ತೆಗೆ ಮುಖವಿರುವ ಮೂಲೆಯನ್ನು ಸೈಟು ಮಾಡಲು ಮತ್ತೆ ಅರ್ಜಿ ಹಾಕಬಹುದು ಎಂಬ ಯೋಚನೆ ಅವನಿಗೆ ಬಂದಿತ್ತೇ? ಸಾಬೀತು ಮಾಡಲಾರೆ. ನನಗೆ ಬಂತು, ಅಷ್ಟೇ ಹೇಳಬಲ್ಲೆ.

"ಅದು ಹಳೇ ಗುಡೀರಿ, ಅಜ್ಜನ ಕಾಲದ್ದು," ಎಂದು ಎದುರು ಮನೆಯ ಅಕ್ಕ ಒಂದು ಕೈ ನೋಡಿದಳು.

ಮಾಲೀಕ ಮೊದಲ ಬಾರಿ ಬಾಯಿ ಬಿಟ್ಟ. "ಏನ್ ಅಜ್ಜನ ಕಾಲದ್ದವ್ವಾ? ಆ ಕಲ್ಲಿನ ಮ್ಯಾಲೆ ನಾನ ಕುಂತು ಎಷ್ಟ ಸಲ ಚಾ ಕುಡದೀನಿ. ಕೇಳು ಈ ಅಕ್ಕನ್ನ," ಎಂದು ಅತ್ತೆಯ ಕಡೆ ಕೈ ತೋರಿಸಿದ.

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ಅವನನ್ನು ದಿಟ್ಟಿಸಿ, "ಕುಂತಿದ್ರಿ. ಅದಕ್ಕ ನಿಮ್ಮ ಲಾರಿ ಇಷ್ಟಾಗ್ಯಾವು," ಅಂದಳು. ಅವನ ಕೈ ತನಗೆ ತಿಳಿಯದಂತೆ ಕೊರಳ ಸರಕ್ಕೆ ಹೋದದ್ದನ್ನು ನಾನು ನೋಡಿದೆ. ವಾದದಲ್ಲಿ ಇಂಥ ಏಟಿಗೆ ಅಂಕ ಕೊಡುವುದಿಲ್ಲ, ಕೊಡಬೇಕಿತ್ತು.

ಆದರೂ ಸೋತದ್ದು ನಾವೇ. ಗಡುವು ಹಾಗೇ ಉಳಿಯಿತು.

ಸಂಜೆ ಮರದ ಕೆಳಗೆ ಓಣಿ ನೆರೆಯಿತು. ನನ್ನ ವಾದ ಸರಳವಾಗಿತ್ತು. ಜೆಸಿಬಿ ಬರುವುದು ಗುಡಿಗಾಗಿ. ಗುಡಿ ಇಲ್ಲದಿದ್ದರೆ ಅದಕ್ಕೆ ಇಲ್ಲಿ ಕೆಲಸವಿಲ್ಲ. ನಾವೇ ಕೈಯಿಂದ ಕಟ್ಟೆ ಬಿಡಿಸೋಣ, ಬೇರಿಗೆ ಪೆಟ್ಟಾಗದಂತೆ. ಕಲ್ಲನ್ನು ಎತ್ತಿಬಿಡೋಣ.

"ಎತ್ತಿ?" ಎದುರು ಮನೆಯ ಅಕ್ಕ ಎದ್ದು ನಿಂತಳು. "ಅವ್ವನ್ನ ಎತ್ತಿ ಎಲ್ಲಿ ಒಗೀತಿ? ನಿನಗ ಮಕ್ಕಳು ಮರಿ ಆಗಬೇಕೋ ಬ್ಯಾಡೋ?"

"ಅಕ್ಕಾ, ಅದು ತಾಡಪತ್ರಿ ಕಲ್ಲು."

"ಇತ್ತು. ಈಗಲ್ಲ."

ನಾನು ಅತ್ತೆಯ ಕಡೆ ತಿರುಗಿದೆ. "ಅತ್ತಿ, ನೀನ ಹೇಳು. ಇಟ್ಟಾಕಿ ನೀನು."

ಅತ್ತೆ ಮುಖ ತಿರುಗಿಸಿದಳು. ಅವಳ ಬಿಕ್ಕಟ್ಟು ನನಗೆ ಆಗ ಸ್ಪಷ್ಟವಾಯಿತು. ನಾನೇ ಇಟ್ಟೆ ಅಂದರೆ ಓಣಿಗೆಲ್ಲ ಮೋಸ ಮಾಡಿದ ಹಾಗೆ. ಎತ್ತುವುದು ಬೇಡ ಅಂದರೆ ಮರ ಹೋಗುತ್ತದೆ, ಮರದ ಜೊತೆ ಅವಳ ಅನ್ನ. ಕಂಪ್ಲಿಗೆ ವಾಪಸು ಹೋಗಿ ಮಿಲ್ಲಿನ ಮುಂದೆ ನಿಲ್ಲುವುದು ಅವಳಿಗೆ ಬೇಡವಾಗಿತ್ತು. "ನಾ ಇಟ್ಟಿದ್ದು ಖರೆ," ಅಂದಳು ಕೊನೆಗೆ. "ಆದ್ರ ಇಷ್ಟ ಮಂದಿ ಕೈ ಮುಗದ ಮ್ಯಾಲೆ ನಾ ಒಬ್ಬಾಕಿನ ಎತ್ತಾಕ ಬರಂಗಿಲ್ಲ. ಇಡಾಕ ಒಂದ ಕೈ ಸಾಕಿತ್ತು."

"ಅಂದ್ರ ದೇವರಾತು ಅಂತೀರಿ," ನಾನು ಅಂದೆ. "ಆಗಲಿ, ದೇವರ ಅನ್ನೋಣ. ಒಪ್ಪಿದೆ."

ಓಣಿ ಅನುಮಾನದಿಂದ ನನ್ನನ್ನು ನೋಡಿತು. ನಾನು ಒಪ್ಪಿದೆ ಅನ್ನುವುದನ್ನು ಅವರು ಕೇಳಿದ್ದು ಕಡಿಮೆ.

"ವರ್ಷಾ ಆಷಾಢದಾಗ ಅಜ್ಜಿ ಹಬ್ಬ ಮಾಡಿ ಏನ್ ಮಾಡ್ತೀರಿ? ಹೋಳಿಗಿ ಮಾಡ್ತೀರಿ, ಮೊರದಾಗ ಬೇವಿನ ತಪ್ಲ, ಬಳಿ, ದೀಪ ಇಡ್ತೀರಿ, ಅಜ್ಜಿ ದೇವರನ್ನ ಓಣಿ ಗಡಿ ದಾಟಿಸಿ ಬರ್ತೀರಿ. ರೋಗ ರುಜಿನ ಎಲ್ಲಾ ಆಕಿ ಜತಿಗೆ ಹೋಗ್ಲಿ ಅಂತ. ಹೌದೋ ಅಲ್ಲೋ? ಅಜ್ಜಿನ ನೀವು ಒಗದ ಬರ್ತೀರೋ, ಕಳಸಿ ಬರ್ತೀರೋ?"

"ಕಳಸಿ ಬರ್ತೀವಿ," ಯಾರೋ ಮುದುಕಿ ಅಂದಳು.

"ದೇವರಿಗೆ ಊರು ದಾಟೋ ಪದ್ಧತಿ ನಿಮ್ಮಲ್ಲೇ ಐತಿ. ನಾ ಏನ್ ಹೊಸಾದು ಹೇಳಕತ್ತಿಲ್ಲ. ಅಜ್ಜಿಗೆ ಆಗೋದು ಅವ್ವಗ ಯಾಕ ಆಗಬಾರ್ದು? ಈಗ ನಡದಿದ್ದು ಯಾವ ತಿಂಗಳು?"

ತಾಡಪತ್ರಿಯ ಬಿಟ್ಟ ಮೂಲೆಯೊಂದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಮ್ಮಲ್ಲಿ ಅಂಥ ಗಾಳಿ ಬೀಸುವ ತಿಂಗಳು ಒಂದೇ, ಆಷಾಢ.

ಅತ್ತೆ ನಗತೊಡಗಿದಳು. ಮೊದಲು ಸೀರೆಯ ಸೆರಗಿನೊಳಗೆ, ಆಮೇಲೆ ಬಾಯಿ ಬಿಟ್ಟು. "ಲೇ ವಕೀಲವ್ವಾ! ದೇವರಿಲ್ಲ ಅಂತ ಹೇಳಿ ಹೇಳಿ ಪೂಜಾರಿ ಆದಿ ನೋಡು."

ಎದುರು ಮನೆಯ ಅಕ್ಕ ಹೋಳಿಗೆಗೆ ಬೇಳೆ ಎಷ್ಟು ಹಾಕಬೇಕು ಎಂದು ಕೇಳಿದಾಗ ನಾನು ಗೆದ್ದೆ ಅನ್ನಿಸಿತು. ದೇವರನ್ನು ನಂಬದವಳು ದೇವರ ಪದ್ಧತಿಯನ್ನೇ ಆಧಾರ ಮಾಡಿಕೊಂಡು ವಾದಿಸುವುದು ಕಪಟವಲ್ಲವೇ ಎಂದು ಆಮೇಲೆ ಕಾಲೇಜಿನ ಗೆಳತಿಯೊಬ್ಬಳು ಕೇಳಿದಳು. ಅಲ್ಲ. ನಾನು ಸುಳ್ಳು ಹೇಳಲಿಲ್ಲ, ಅವರ ಮಾತಿನಿಂದಲೇ ಅವರ ಮಾತಿಗೆ ಮುಂದಿನ ಹೆಜ್ಜೆ ತೋರಿಸಿದೆ. ಕಾನೂನೂ ಮಾಡುವುದು ಅದನ್ನೇ.

ಮಂಗಳವಾರ ಸಂಜೆ ಮೊರ ಹೊರಟಿತು. ಮುಂದೆ ಅತ್ತೆ, ಕಲ್ಲು ಹೊತ್ತ ಮೊರ ಅವಳ ತಲೆಯ ಮೇಲೆ. ಅದರ ಭಾರ ಅವಳಷ್ಟು ಬಲ್ಲವರು ಇನ್ನಾರಿದ್ದರು? ದಿನಾ ಬೆಳಗ್ಗೆ ಎತ್ತಿ ಮೂಲೆಗಿಡುತ್ತಿದ್ದವಳು ಅವಳು. ಹಿಂದೆ ಹೆಂಗಸರು, ಹಲಗೆ ಬಡಿಯುವವನೊಬ್ಬ, ಸ್ವಲ್ಪ ದೂರದಲ್ಲಿ ಕೈಕಟ್ಟಿಕೊಂಡು ನಾನು. ಕಂಪ್ಲಿ ರಸ್ತೆಯ ಕಾಲುವೆ ದಂಡೆಯಲ್ಲಿ ಕಲ್ಲನ್ನು ಇಳಿಸಿ, ಹೋಳಿಗೆ ಇಟ್ಟು, ದೀಪ ಹಚ್ಚಿ, ಹಿಂದಿರುಗಿ ನೋಡದೆ ಬಂದರು. ಹಿಂದಿರುಗಿ ನೋಡಬಾರದು ಎಂಬುದು ಪದ್ಧತಿ. ನಾನು ನೋಡಿದೆ. ಒಂದು ನಾಯಿ ಹೋಳಿಗೆ ತಿನ್ನುತ್ತಿತ್ತು.

ನಾಲ್ಕು ದಿನ ಬಿಟ್ಟು ಹೋದಾಗ ಕಲ್ಲು ಅಲ್ಲಿರಲಿಲ್ಲ. ಆಚೆ ಓಣಿಯವರು ತಮ್ಮ ಗಡಿಯಲ್ಲಿ ಬೇರೆಯವರ ಅವ್ವ ಯಾಕೆ ಎಂದು ಅವರೂ ಹೋಳಿಗೆ ಮಾಡಿ ಮುಂದಕ್ಕೆ ಕಳಿಸಿದ್ದರಂತೆ. ಅವರ ಮುಂದಿನವರೂ ಹಾಗೇ ಮಾಡಿರಬೇಕು. ಈಗ ಅವಳು ಕಂಪ್ಲಿ ಮುಟ್ಟಿದ್ದಾಳೋ, ದಾರಿ ತಪ್ಪಿ ದರೋಜಿ ಧಾಮದ ಕರಡಿಗಳ ನಡುವೆ ಕೂತಿದ್ದಾಳೋ, ನಾನು ವಿಚಾರಿಸಿಲ್ಲ.

ಬುಧವಾರ ಬೆಳಗ್ಗೆಯಿಂದ ಓಣಿಯ ಗಂಡಸರು ಉಳಿ ಸುತ್ತಿಗೆ ಹಿಡಿದು ಕಟ್ಟೆ ಬಿಡಿಸಿದರು. ಕಟ್ಟುವಾಗಿನ ಉತ್ಸಾಹ ಇರಲಿಲ್ಲ. ಬೈಗುಳ ಇತ್ತು, ಹೆಚ್ಚಿನದು ನನಗೆ. ತಗಡಿನ ಚಪ್ಪರವನ್ನು ಮಿರ್ಚಿ ಬಂಡಿಯವನು ಕೇಳಿ ತೆಗೆದುಕೊಂಡ.

ಮುಂದಿನ ಸೋಮವಾರ ಗಡುವು ಮುಗಿದು ಜೆಸಿಬಿ ಬಂತು. ಪ್ರಾಧಿಕಾರದ ಅಧಿಕಾರಿ, ಅರಣ್ಯ ಇಲಾಖೆಯಿಂದ ಮರದ ಅಧಿಕಾರಿ, ಇಬ್ಬರು ಪೊಲೀಸರು, ಲಾರಿ ಮಾಲೀಕ. ಓಣಿಯೆಲ್ಲ ಹೊರಗೆ ನಿಂತಿತ್ತು. ಬಂದವರು ಕಂಡದ್ದು ಒಂದು ಬೇವಿನ ಮರ, ಅದರ ಕೆಳಗೆ ಹರಡಿದ ತಾಡಪತ್ರಿ, ನಡುವೆ ಕೂತು ತೇಪೆ ಹಾಕುತ್ತಿದ್ದ ನಮ್ಮತ್ತೆ. ಮೂರು ಮೂಲೆಗೆ ಮೂರು ಕಲ್ಲು, ನಾಲ್ಕನೆಯದಕ್ಕೆ ಒಂದು ತುಂಬಿದ ಕೊಡ.

"ಗುಡಿ ಎಲ್ಲಿ?" ಅಧಿಕಾರಿ ಕೇಳಿದರು.

"ಯಾವ ಗುಡೀರಿ?" ಅತ್ತೆ ದಬ್ಬಣ ಎಳೆಯುತ್ತಲೇ ಕೇಳಿದಳು.

ಅಧಿಕಾರಿ ನನ್ನ ಕಡೆ ನೋಡಿದರು, ನಾನು ಮರದ ಕಡೆ ನೋಡಿದೆ. ಮರದ ಅಧಿಕಾರಿ ಕಾಂಡವನ್ನು ಟೇಪಿನಿಂದ ಸುತ್ತಿ ಅಳೆದು, ಬೇರುಗಳನ್ನು ಬಗ್ಗಿ ನೋಡಿ, ಮರ ಆರೋಗ್ಯವಾಗಿದೆ, ಷರತ್ತಿನಂತೆ ಉಳಿಸಿಕೊಳ್ಳಲಾಗಿದೆ ಎಂದು ಬರೆದುಕೊಂಡರು. ಜೆಸಿಬಿಯ ಡ್ರೈವರ್, ತನಗೆ ಕೆಲಸವಿಲ್ಲ ಎಂದು ಗೊತ್ತಾಗುತ್ತಲೇ, ಇಂಜಿನ್ ಬಂದ್ ಮಾಡಿ ಇಳಿದು ಮಿರ್ಚಿ ಬಂಡಿಗೆ ಬಂದ. ಬರುವಾಗ ಮರದ ಕಡೆ ಕೈಮುಗಿದನೇ? ಮುಗಿದ. ಅದು ನಿಜ. ನಮ್ಮ ಕಡೆಯ ಡ್ರೈವರುಗಳು ಗಾಡಿಯಿಂದ ಇಳಿದಾಗ ಯಾವ ಬೇವು ಕಂಡರೂ ಕೈಮುಗಿಯುತ್ತಾರೆ.

ಓಣಿಯ ಕಥೆ ಹುಟ್ಟಿದ್ದು ಆ ಮಿರ್ಚಿ ಬಂಡಿಯ ಮುಂದೆ. ಎಣ್ಣೆ ಆರುವುದರೊಳಗೆ ಅದು ರಸ್ತೆ ದಾಟಿತ್ತು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಕಥೆಯೂ ಓಣಿಯ ಕಥೆಯಷ್ಟೇ ಚಂದ: ಅವರಲ್ಲಿ ದೇವಿ ಉಳಿಸಿದಳು, ನನ್ನಲ್ಲಿ ಕಾನೂನು ಉಳಿಸಿತು. ಆದರೆ ಪಾರ್ಕಿಗೆ ಬೇಲಿ ಹಾಕಿ ಪ್ರಾಧಿಕಾರಕ್ಕೆ ಒಪ್ಪಿಸಬೇಕು ಎಂಬುದೂ ಅದೇ ಮಂಜೂರಾತಿಯ ಇನ್ನೊಂದು ಷರತ್ತು. ಲಾರಿ ಮಾಲೀಕ ಆ ಷರತ್ತನ್ನು ಬೇರೆಲ್ಲಕ್ಕಿಂತ ಬೇಗ ಪಾಲಿಸಿದ. ಕಲ್ಲಿನ ಕಂಬ, ಮುಳ್ಳುತಂತಿ, ಒಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಮೇಲೆ ಹಸಿರು ಬೋರ್ಡು: ಉದ್ಯಾನದೊಳಗೆ ವ್ಯಾಪಾರ, ವಹಿವಾಟು ನಿಷೇಧಿಸಿದೆ. ಬೇಲಿ ನೆಡುವ ದಿನ ಅವನು ಅತ್ತೆಗೆ ಸಿಟ್ಟಿನಿಂದೇನೂ ಹೇಳಲಿಲ್ಲ. "ಅಕ್ಕಾ, ನಿಮ್ಮ ಮರ ನಿಮಗ ಉಳೀತು," ಅಂದ.

ಅತ್ತೆ ಬೇಲಿಯ ಹೊರಗೆ, ರಸ್ತೆಯ ಅಂಚಿಗೆ ಬಂದಳು. ಬೆಳಗ್ಗೆ ನೆರಳು ಪೂರ್ತಿ ಬೇಲಿಯ ಒಳಗೆ, ಯಾರೂ ಕೂರದ ಹುಲ್ಲಿನ ಮೇಲೆ ಬೀಳುತ್ತದೆ. ಸೂರ್ಯ ನೆತ್ತಿ ದಾಟಿದ ಮೇಲೆ ಮೆಲ್ಲಗೆ ತಂತಿ ದಾಟಿ ರಸ್ತೆಯ ಕಡೆ ಹೊರಳುತ್ತದೆ. ಆಚೆ ಬದಿಯ ಸಾಲು ಹೋದ ಮೇಲೆ ಆ ರಸ್ತೆಯಲ್ಲಿ ಬೇರೆ ನೆರಳಿಲ್ಲ. ಹಾಗಾಗಿ ಅವಳ ಕೆಲಸ ಮಧ್ಯಾಹ್ನ ಶುರುವಾಗುತ್ತಿತ್ತು. ಇಡೀ ದಿನದ ಹೊಲಿಗೆ ಅರ್ಧ ದಿನಕ್ಕೆ ಇಳಿಯಿತು, ಕಾಯಲು ಪುರಸೊತ್ತಿಲ್ಲದ ಲಾರಿಯವರು ಬೇರೆ ಕಡೆ ಹೋಗತೊಡಗಿದರು. ಅವಳು ಗೊಣಗಲಿಲ್ಲ. ಊಟ ಮಾಡಿ, ತಾಡಪತ್ರಿ ಹೊತ್ತು ಬಂದು, ನೆರಳಿನ ಅಂಚಿಗೆ ಸರಿಯಾಗಿ ಹಾಸಿ, ನೆರಳು ಸರಿದಂತೆ ತಾನೂ ಸರಿಯುತ್ತಿದ್ದಳು.

"ಅತ್ತಿ, ಕಂಪ್ಲಿಗೆ ಹೋಗಬೇಕು ಅನ್ನಸ್ತೈತೇನು?" ಒಂದು ದಿನ ಕೇಳಿದೆ.

"ಯಾಕ ಹೋಗ್ಲಿ? ಗಿಡ ಇಲ್ಲೈತಿ." ದಬ್ಬಣವನ್ನು ಬೇಲಿಯ ಕಡೆ ಚಾಚಿ ತೋರಿಸಿದಳು. "ಒಳಗ ಯಾರರ ಕುಂತಾರೇನು ನೋಡು. ಕಾಯಿ ಉದರತಾವು, ಗುಬ್ಬಿ ತಿಂತಾವು. ಗುಬ್ಬಿಗೆ ಬೀಗ ಇಲ್ಲ."

ಮುಂದಿನ ಬೇಸಿಗೆಯಲ್ಲಿ ಅಧಿಕಾರಿ ಪಾರ್ಕು ನೋಡಲು ಬಂದರು. ಮರ ಚಿಗುರಿ ಹೂವಾಗಿತ್ತು. ಅವರಿಗೆ ನಿಜವಾಗಿ ಸಂತೋಷವಾಗಿತ್ತು, ನನಗೆ ಅದು ಕಾಣಿಸಿತು. ಬೇಲಿಯ ಸುತ್ತ ಒಂದು ಸುತ್ತು ಬಂದು, ರಸ್ತೆಯಂಚಿನಲ್ಲಿ ಕೂತಿದ್ದ ಅತ್ತೆಯ ಹತ್ತಿರ ನಿಂತು, "ಇಲ್ಲೂ ಕೂರೋ ಹಾಗಿಲ್ಲಮ್ಮಾ. ಇದು ಪಾರ್ಕಿನ ಮುಂಭಾಗ. ದೂರು ಬಂದಿದೆ," ಅಂದರು, ಬಹಳ ಮೆತ್ತಗೆ.

ಅತ್ತೆ ಏಳಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ಕಾಲೇಜಿನಿಂದ ಆಗಷ್ಟೇ ಬಂದು, ಪುಸ್ತಕ ಕಂಕುಳಲ್ಲಿ ಹಿಡಿದು ನಿಂತಿದ್ದೆ. ಮಧ್ಯಾಹ್ನ ಮೂರರ ನೆರಳು ತಂತಿ ದಾಟಿ, ತಾಡಪತ್ರಿ ದಾಟಿ, ಅಧಿಕಾರಿಯ ಬೂಟಿನ ಮೇಲೂ ಬಿದ್ದಿತ್ತು.

"ಸರ್," ನಾನು ಕೇಳಿದೆ, "ನಿಮ್ಮ ಷರತ್ತಿನಾಗ ಮರ ಅಂದ್ರ ಎಲ್ಲೀತನಕ? ಬುಡಕ್ಕ ಬೇಲಿ ಹಾಕಿದ್ರಿ, ಒಳಗ ಹೋಗಂಗಿಲ್ಲ ಅಂದ್ರಿ, ಒಪ್ಪಿದ್ವಿ. ಬೇಲಿ ದಾಟಿ ಈ ಕಡಿ ಬಿದ್ದೈತಲ್ರೀ ನೆರಳು, ಇದರಾಗ ಕುಂತಾಗ ನಮ್ಮತ್ತಿ ಪಾರ್ಕಿನ ಒಳಗದಾಳೋ, ಹೊರಗದಾಳೋ?"